‘ಬೇಜಾರು’ ಅಂದರೆ ಯಾವ ಬೇಜಾರು? ಮಕ್ಕಳ ಮನಸ್ಸಿನ ಆರೋಗ್ಯ, ಅ ಆ ಇ ಈಯಿಂದ

ಪಾಂಡವಪುರದ ಕಡೆಯ ಒಂದು ಮನೆ ಅಂದುಕೊಳ್ಳಿ. ಸೋಮವಾರ, ಬೆಳಿಗ್ಗೆ ಏಳೂವರೆ. ಅವ್ವ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಳೆ. ಎಂಟನೇ ಕ್ಲಾಸಿನ ಹುಡುಗ ಯೂನಿಫಾರಂ ತೊಟ್ಟು, ಒಂದು ಕಾಲಿಗೆ ಸಾಕ್ಸ್ ಏರಿಸಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಜಗುಲಿ ಮೇಲೆ ಕೂತಿದ್ದಾನೆ. ‘ಹೊಟ್ಟೆ ನೋಯ್ತದೆ ಕಣವ್ವ.’ ಎಂಟು ಗಂಟೆಯ ಬಸ್ಸು ಹೋಗುತ್ತದೆ. ಒಂಬತ್ತೂವರೆಗೆ ನೋವೂ ಹೋಗುತ್ತದೆ. ಹತ್ತಕ್ಕೆ ಹುಡುಗ ತಟ್ಟೆ ಮುಂದೆ ಕೂತು ಅದೇ ಚಿತ್ರಾನ್ನವನ್ನು ಚೆನ್ನಾಗಿಯೇ ತಿನ್ನುತ್ತಾನೆ.

‘ನಾಟ್ಕ ಆಡ್ತಾವ್ನೆ ಬುಡು’ ಅನ್ನುವುದು ಅಪ್ಪನ ತೀರ್ಮಾನ. ‘ಯಾರದೋ ಕಣ್ಣು ಬಿದ್ದದೆ’ ಎಂದು ಅಜ್ಜಿ ಮೆಣಸಿನಕಾಯಿ, ಉಪ್ಪು ನೀವಳಿಸುತ್ತಾಳೆ. ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಆದರೂ ಮುಂದಿನ ಸೋಮವಾರ ಮತ್ತೆ ಅದೇ ಕಥೆ.

ಶಾಲೆ ಶುರುವಾಗುವ ಜೂನ್‌ನಲ್ಲಿ, ಫಲಿತಾಂಶ ಬರುವ ಏಪ್ರಿಲ್-ಮೇನಲ್ಲಿ ‘ಮಕ್ಕಳ ಮಾನಸಿಕ ಆರೋಗ್ಯ’ ಅನ್ನುವ ಮಾತು ಪೇಪರಿನಲ್ಲಿ, ಟಿವಿಯಲ್ಲಿ, ಪೋಷಕರ ಸಭೆಯಲ್ಲಿ ಪದೇಪದೇ ಕೇಳುತ್ತದೆ. ಮಾತು ಎಲ್ಲರಿಗೂ ಗೊತ್ತು. ಅದರೊಳಗೆ ಏನಿದೆ, ಈ ಹುಡುಗನ ಹೊಟ್ಟೆಗೂ ಅದಕ್ಕೂ ಏನು ಸಂಬಂಧ ಎಂದು ಬಿಡಿಸಿ ಹೇಳುವವರು ಕಡಿಮೆ.

ಮೊದಲು ಪದಗಳು

ಭಾವನಾತ್ಮಕ ಆರೋಗ್ಯ ಅಂದರೆ ಮಗು ಸದಾ ನಗುನಗುತ್ತಾ ಇರಬೇಕು ಅಂತಲ್ಲ. ಸಿಟ್ಟು, ಅಳು, ಭಯ, ಹೊಟ್ಟೆಕಿಚ್ಚು ಎಲ್ಲವೂ ಬರಬೇಕಾದ್ದೇ. ಬಂದದ್ದು ಏನೆಂದು ಗುರುತಿಸಲು ಆಗುತ್ತದೆಯೇ, ಯಾರಿಗಾದರೂ ಹೇಳಿಕೊಳ್ಳಲು ಆಗುತ್ತದೆಯೇ, ಒಂದಷ್ಟು ಹೊತ್ತಿನ ನಂತರ ಊಟ, ಆಟ, ಪಾಠಕ್ಕೆ ಮರಳಲು ಆಗುತ್ತದೆಯೇ? ಈ ಮೂರೂ ತಕ್ಕ ಮಟ್ಟಿಗೆ ನಡೆಯುತ್ತಿದ್ದರೆ ಆರೋಗ್ಯ ಚೆನ್ನಾಗಿದೆ ಎಂದೇ ಅರ್ಥ.

ಮೊದಲನೆಯದೇ ನಮಗೆ ಕಷ್ಟ. ನಮ್ಮ ಮಾತಿನಲ್ಲಿ ‘ಬೇಜಾರು’ ಅನ್ನುವ ಒಂದು ಪದ ಐದಾರು ಪದಗಳ ಕೆಲಸ ಮಾಡುತ್ತದೆ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಸ್ನೇಹಿತ ಮಾತು ಬಿಟ್ಟರೂ ಬೇಜಾರು, ಅಪ್ಪ ಎಲ್ಲರೆದುರು ಬೈದರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು. ಮಗು ‘ಬೇಜಾರು’ ಅಂದಾಗ ‘ಯಾವ ಬೇಜಾರು? ಅವಮಾನ ಆದಂಗಾ, ಭಯ ಆದಂಗಾ, ಒಂಟಿ ಅನ್ನಿಸಿದಂಗಾ?’ ಎಂದು ಬಿಡಿಸಿ ಕೇಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಭಾವನೆಗೆ ಸರಿಯಾದ ಹೆಸರು ಕೊಟ್ಟಾಗ ಅದರ ಕಾವು ತುಸು ಇಳಿಯುವುದು ಮೆದುಳಿನ ಸ್ಕ್ಯಾನ್ ಅಧ್ಯಯನಗಳಲ್ಲೂ ಕಂಡಿದೆ.

ಇನ್ನೆರಡು ಪದ. ಎದುರಿಗೆ ನಾಯಿ ನಿಂತಾಗ ಆಗುವುದು ಭಯ. ನಾಯಿ ಇಲ್ಲದ ಬೀದಿಯಲ್ಲೂ ‘ಬಂದುಬಿಟ್ಟರೆ?’ ಎಂದು ಕಾಡುತ್ತಾ, ಆ ಬೀದಿಯನ್ನೇ ಬಿಡಿಸುವುದು ಆತಂಕ. ಹಾಗೆಯೇ ದುಃಖ ಬೇರೆ, ಖಿನ್ನತೆ ಬೇರೆ. ಕಬಡ್ಡಿಯಲ್ಲಿ ಸೋತ ಹುಡುಗನನ್ನು ‘ಡಿಪ್ರೆಶನ್‌ಗೆ ಹೋದ’ ಅನ್ನುವುದು ಈಗ ರೂಢಿಯಾಗಿದೆ. ಹೀಗೆ ಅಂದೂ ಅಂದೂ ನಿಜವಾದ ಖಿನ್ನತೆ ಬಂದವರ ಮಾತಿಗೆ ತೂಕ ಇಲ್ಲದಂತಾಗಿದೆ.

ಕೊಪ್ಪರಿಗೆ ಉಕ್ಕುವ ಹೊತ್ತು

ಆಲೆಮನೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಕಬ್ಬಿನ ಹಾಲು ಕುದಿಯುತ್ತಾ ನೊರೆ ಉಕ್ಕಿ ಕೊಪ್ಪರಿಗೆಯ ಅಂಚಿಗೆ ಬರುತ್ತದೆ. ಪಳಗಿದ ಕೈ ಆಗ ಗಾಬರಿ ಬೀಳುವುದಿಲ್ಲ. ಕೆಳಗೆ ಒಲೆಗೆ ಸಿಪ್ಪೆ ತುಂಬುವವನಿಗೆ ‘ತಡಿ’ ಅಂತ ಒಂದು ಕೂಗು, ಮೇಲಿನಿಂದ ನಾಲ್ಕು ಹನಿ ಹರಳೆಣ್ಣೆ. ನೊರೆ ಕೂತುಕೊಳ್ಳುತ್ತದೆ. ಬೆಲ್ಲದ ಹದ, ಅಚ್ಚು ಎಲ್ಲ ಆಮೇಲಿನ ಮಾತು.

ಮಗುವಿನ ಮೆದುಳಿನಲ್ಲೂ ಬೆಂಕಿಯ ಭಾಗವೊಂದು, ಹದ ನೋಡುವ ಭಾಗವೊಂದು ಇವೆ. ಒಳಗೆ ಬಾದಾಮಿಯಾಕಾರದ ಅಮಿಗ್ಡಲಾ ಅಪಾಯದ ಗಂಟೆ ಬಾರಿಸುತ್ತದೆ. ಅದು ಹುಟ್ಟಿನಿಂದಲೇ ಚುರುಕು. ಯೋಚಿಸಿ, ತೂಗಿ, ‘ತಡಿ’ ಅನ್ನುವ ಕೆಲಸ ಹಣೆಯ ಹಿಂದಿನ ಭಾಗದ್ದು. ಅದು ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಹದಿನಾಲ್ಕರ ಹುಡುಗಿ ಬಾಗಿಲು ಧಡಾರ್ ಎಂದು ಹಾಕಿದ್ದರಲ್ಲಿ ಸಂಸ್ಕಾರದ ಪ್ರಶ್ನೆ ಎಷ್ಟಿದೆಯೋ, ಒಲೆ ಜೋರಾಗಿದ್ದು ಹದ ನೋಡುವವನು ಇನ್ನೂ ಕೆಲಸ ಕಲಿಯುತ್ತಿರುವ ಪ್ರಶ್ನೆಯೂ ಅಷ್ಟೇ ಇದೆ.

ಹಾಗಾದರೆ ಅಲ್ಲಿಯವರೆಗೆ ‘ತಡಿ’ ಅನ್ನುವವರು ಯಾರು? ಹತ್ತಿರವಿರುವ ದೊಡ್ಡವರು. ಮಗು ಮೊದಲು ಇನ್ನೊಬ್ಬರ ತಣ್ಣನೆಯಲ್ಲಿ ತಣ್ಣಗಾಗುತ್ತದೆ, ನೂರಾರು ಸಲ ಹಾಗಾದ ಮೇಲೆ ತಾನೇ ತಣ್ಣಗಾಗುವುದನ್ನು ಕಲಿಯುತ್ತದೆ. ಹಾಲುಗೂಸನ್ನು ಎತ್ತಿಕೊಂಡು ತೂಗುವಾಗ ನಾವೆಲ್ಲ ಮಾಡುವುದು ಇದನ್ನೇ. ಹದಿನಾಲ್ಕಾದ ಕೂಡಲೇ ಯಾಕೋ ಎಲ್ಲ ಮರೆತು, ಉಕ್ಕುತ್ತಿರುವ ಕೊಪ್ಪರಿಗೆಗೆ ಇನ್ನಷ್ಟು ಸಿಪ್ಪೆ ಹಾಕುತ್ತೇವೆ: ‘ಪಕ್ಕದ ಮನೆಯವಳನ್ನ ನೋಡಿ ಕಲಿ.’

ದನಿ ತಗ್ಗಿಸುವುದು, ಎದುರು ನಿಲ್ಲುವ ಬದಲು ಪಕ್ಕ ಕೂರುವುದು, ಮೊದಲ ಹತ್ತು ನಿಮಿಷ ಬುದ್ಧಿ ಹೇಳದಿರುವುದು, ಇವು ಹರಳೆಣ್ಣೆಯ ಹನಿಗಳು. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. ಯೋಗದ ಊರು ಎಂದು ಹೆಸರು ಮಾಡಿದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಟ್ಟು ಬಂದ ಮಗುವಿಗೆ ‘ಉಸಿರಾಡು’ ಎಂದು ಗದರುವುದು ಮಾತ್ರ ಕೆಲಸಕ್ಕೆ ಬಾರದು. ನಾವು ಮಾಡುತ್ತಾ ಪಕ್ಕದಲ್ಲಿದ್ದರೆ ಸಾಕು.

ಮನಸ್ಸಿನ ಭಾರ ಹೊಟ್ಟೆಗೆ ಹೇಗೆ ಇಳಿಯುತ್ತದೆ?

ಅಪಾಯದ ಗಂಟೆ ಬಾರಿಸಿದ ಕೂಡಲೇ ದೇಹ ಓಡಲು ಅಥವಾ ಹೊಡೆದಾಡಲು ತಯಾರಾಗುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ರಕ್ತ ಕೈಕಾಲಿನ ಮಾಂಸಖಂಡಗಳತ್ತ ತಿರುಗಿ ಹೊಟ್ಟೆಯ ಕಡೆಯದು ಕಡಿಮೆಯಾಗುತ್ತದೆ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮೆದುಳಿನ ಜೊತೆ ಅವುಗಳ ಮಾತುಕತೆ ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಹಾಗಾಗಿ ಹಿಡಿದುಕೊಂಡಂತೆ, ಹಿಂಡಿದಂತೆ, ವಾಂತಿ ಬಂದಂತೆ ಆಗುವುದು ನಿಜವಾದ ನೋವೇ. ಅಪ್ಪ ಅಂದುಕೊಂಡಂತೆ ನಾಟಕ ಅಲ್ಲ. ಸ್ಕ್ಯಾನಿಂಗ್ ಹೊಟ್ಟೆಯ ಆಕಾರ ತೋರಿಸುತ್ತದೆ, ಸೋಮವಾರ ಬೆಳಗಿನ ಅದರ ಪಾಡನ್ನು ತೋರಿಸುವುದಿಲ್ಲ.

(ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಬಿಡದ ವಾಂತಿ ಇದ್ದರೆ ಇದ್ಯಾವ ಮಾತೂ ಬೇಡ, ನೇರ ವೈದ್ಯರ ಬಳಿ ಹೋಗಿ.)

ಸೂಕ್ಷ್ಮ ಇರುವುದು ಬಸ್ಸು ಹೋದ ಮೇಲೆ. ಶಾಲೆ ತಪ್ಪಿದ ಕೂಡಲೇ ಗಂಟೆ ನಿಲ್ಲುತ್ತದೆ, ಹೊಟ್ಟೆ ಹಗುರಾಗುತ್ತದೆ. ಮೆದುಳು ಅಲ್ಲೇ ಒಂದು ಪಾಠ ಕಲಿಯುತ್ತದೆ: ‘ಹೋಗದಿದ್ದಕ್ಕೇ ಬಚಾವಾದೆ. ಅಂದರೆ ಅಲ್ಲಿ ಅಪಾಯ ಇತ್ತು.’ ಮಾರನೆಯ ದಿನ ಗಂಟೆ ಇನ್ನೂ ಜೋರು. ಕೈಸಾಲ ಮಾಡಿದವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಇವತ್ತಿನ ತಾಪತ್ರಯ ನೀಗಿತು, ಬಡ್ಡಿ ಏರಿತು. ಎರಡು ದಿನ ತಪ್ಪಿಸಿಕೊಂಡದ್ದು ಎರಡು ವಾರವಾಗುವುದು, ನೋಟ್ಸ್ ಬಾಕಿ ಬಿದ್ದು ಅದೇ ಇನ್ನೊಂದು ಭಯವಾಗುವುದು ಹೀಗೆ.

ಆದ್ದರಿಂದ ಎರಡು ತುದಿಯೂ ತಪ್ಪೇ. ಎಳೆದುಕೊಂಡು ಹೋಗಿ ಬಸ್ಸಿಗೆ ತುರುಕಿದರೆ ಗಂಟೆ ಇನ್ನೂ ಜೋರಾಗಿ ಬಡಿಯುತ್ತದೆ. ‘ಪಾಪ, ಇರ್ಲಿ ಬುಡಿ’ ಎಂದು ಮನೆಯಲ್ಲೇ ಇರಿಸಿಕೊಂಡರೆ ಬಡ್ಡಿ ಬೆಳೆಯುತ್ತದೆ. ನಡುವಿನ ದಾರಿ ಯಾವುದು ಎನ್ನುವುದನ್ನು ಕೊನೆಯಲ್ಲಿ ನೋಡೋಣ.

ಎಷ್ಟು ಮಕ್ಕಳಿಗೆ?

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಕಂಡುಬಂತು. ನಲವತ್ತು ಮಕ್ಕಳ ತರಗತಿಗೆ ಸುಮಾರು ಮೂವರು. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಅಂದಾಜು ಇನ್ನೂ ಹೆಚ್ಚು: 10ರಿಂದ 19ರ ವಯಸ್ಸಿನಲ್ಲಿ ಏಳು ಮಂದಿಗೆ ಒಬ್ಬರು. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅನ್ನುವವರಿಗೆ ತಮ್ಮ ಕ್ಲಾಸಿನಲ್ಲಿ ನಡುವೆ ಶಾಲೆ ಬಿಟ್ಟ, ‘ಮಂಕ’ ಅನ್ನಿಸಿಕೊಂಡ, ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಿಕೊಂಡ ಒಬ್ಬಿಬ್ಬರಾದರೂ ನೆನಪಾಗಬಹುದು.

ಸಪ್ಪಗಿರುವುದು ಎಷ್ಟು ದಿನ?

ಅಳತೆಗೋಲು ಮೂರು. ಎಷ್ಟು ದಿನದಿಂದ, ಎಷ್ಟು ಕಡೆ, ಎಷ್ಟು ಕೆಲಸ ಕೆಟ್ಟಿದೆ?

ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ದಿನವೂ, ಎರಡು ವಾರ ಸತತವಾಗಿ ಮಂಕಾಗಿದ್ದರೆ ವೈದ್ಯರು ಖಿನ್ನತೆ ಇರಬಹುದೇ ಎಂದು ನೋಡುತ್ತಾರೆ. ಮನೆಯಲ್ಲಿ ಮಾತ್ರ ಮುನಿಸಿಕೊಂಡು ಗೆಳೆಯರ ಜೊತೆ ಲವಲವಿಕೆಯಿಂದ ಇದ್ದರೆ ಬಹುಶಃ ಮನೆಯ ಯಾವುದೋ ಮಾತು ಕಚ್ಚಿದೆ. ಮನೆ, ಶಾಲೆ, ಆಟದ ಬಯಲು ಮೂರೂ ಕಡೆ ಸಪ್ಪಗಿದ್ದರೆ ಗಮನಿಸಬೇಕು. ಊಟ, ನಿದ್ದೆ, ಓದು, ಸ್ನೇಹ ಇವುಗಳಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ನೋಡಬೇಕು.

ದೊಡ್ಡವರಿಗೆ ಖಿನ್ನತೆ ಬಂದರೆ ಮುಖ ಬಾಡುತ್ತದೆ. ಮಕ್ಕಳಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಬರುತ್ತದೆ, ಹಾಗಾಗಿ ‘ಕೊಬ್ಬು ಜಾಸ್ತಿಯಾಗಿದೆ’ ಅನ್ನಿಸಿಕೊಂಡುಬಿಡುತ್ತದೆ. ಇನ್ನು ‘ಓದಲ್ಲ’ ಅನ್ನಿಸಿಕೊಂಡ ಮಗುವಿಗೆ ಅಕ್ಷರಗಳನ್ನು ಜೋಡಿಸಿ ಓದುವುದೇ ತೊಡಕಾಗಿರಬಹುದು. ಇದು ಕಲಿಕಾ ನ್ಯೂನತೆ. ಬುದ್ಧಿ ಚುರುಕಾಗಿಯೇ ಇರುತ್ತದೆ; ದಿನವೂ ‘ದಡ್ಡ’ ಅನ್ನಿಸಿಕೊಂಡು ಮನಸ್ಸು ಮುದುಡಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿಯ ಜೊತೆಗೆ ಇಂಥ ಕಲಿಕೆಯ ತೊಡಕುಗಳ ಪರೀಕ್ಷೆಯೂ ನಡೆಯುತ್ತದೆ.

ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು, ಒಂದು ಮನೆಯನ್ನು, ಒಂದು ಆಟೊವನ್ನು ಕಂಡರೆ ಮಗು ಬೆಚ್ಚಿದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ ಯಾರೋ ನೋಯಿಸಿರುವ ಸಾಧ್ಯತೆಯನ್ನೂ ಯೋಚಿಸಬೇಕು. ಅಲ್ಲಿ ಮಕ್ಕಳ ಸಹಾಯವಾಣಿ 1098 ಇದೆ.

ಹಳ್ಳಿಯ ಟಾಪರು, ಮೈಸೂರಿನ ಹಾಸ್ಟೆಲು

ಮಂಡ್ಯ, ಚಾಮರಾಜನಗರ, ಹಾಸನ, ಕೊಡಗಿನ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿಗೆ ಬರುವುದು ಇದ್ದದ್ದೇ. ಊರಿನಲ್ಲಿ ಬ್ಯಾನರು ಕಟ್ಟಿಸಿಕೊಂಡ ಹುಡುಗಿ ಇಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಬೆಳಿಗ್ಗೆ ಕಾಲೇಜು, ಸಂಜೆ ನೀಟ್ ಕೋಚಿಂಗು. ಮೊದಲ ಟೆಸ್ಟಿನಲ್ಲಿ ತರಗತಿಯ ಮಧ್ಯದಲ್ಲೆಲ್ಲೋ ಇರುತ್ತಾಳೆ, ಯಾಕೆಂದರೆ ಉಳಿದವರೂ ಅವರವರ ಊರಿನ ಟಾಪರುಗಳೇ. ಅಂಕ ಇಳಿದದ್ದು ಒಂದು ಕಡೆ. ‘ಚೆನ್ನಾಗಿ ಓದೋಳು’ ಅನ್ನುವ ಗುರುತೇ ಕೈತಪ್ಪಿದಂತಾಗುವುದು ಇನ್ನೊಂದು ಕಡೆ. ರಾತ್ರಿ ಫೋನು ಮಾಡಿದಾಗ ‘ಊಟ ಆಯ್ತಾ, ಟೆಸ್ಟ್ ಎಷ್ಟು ಬಂತು?’ ಎರಡೇ ಪ್ರಶ್ನೆ. ಮೂರನೆಯದೊಂದು ಬೇಕು: ‘ಇವತ್ತು ಯಾರ ಜೊತೆ ಕೂತು ಊಟ ಮಾಡ್ದೆ?’ ಒಂಟಿತನ ಗೊತ್ತಾಗುವುದು ಆ ಉತ್ತರದಲ್ಲಿ.

ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಮುಂದೆ ಸರಿಯುತ್ತದೆ, ಹತ್ತಕ್ಕೆ ಮಲಗೆಂದರೂ ನಿದ್ದೆ ಹತ್ತದು. ಬೆಳಿಗ್ಗೆ ಐದಕ್ಕೆ ಸ್ಟಡಿ ಅವರ್ ಇಟ್ಟರೆ ನಡುವೆ ಉಳಿಯುವುದು ಐದಾರು ಗಂಟೆ. ನಿದ್ದೆಗೆಟ್ಟ ಮೆದುಳು ಓದಿದ್ದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಗಂಟೆಯನ್ನು ಮಾತ್ರ ಜೋರಾಗಿ ಬಾರಿಸುತ್ತದೆ. ಫೋನಿನ ವಿಷಯಕ್ಕೂ ಇಲ್ಲಿಂದಲೇ ಬರಬೇಕು. ಎಲ್ಲದಕ್ಕೂ ಮೊಬೈಲೇ ಕಾರಣ ಎಂದು ಕೈತೊಳೆದುಕೊಳ್ಳುವುದು ಸುಲಭ. ಅದು ಯಾವುದರ ಜಾಗ ಕಿತ್ತುಕೊಂಡಿದೆ, ನಿದ್ದೆಯದೋ, ಆಟದ್ದೋ, ಎದುರುಬದುರು ಮಾತಿನದೋ ಎಂದು ನೋಡಿದರೆ ಮುಂದಿನ ದಾರಿ ಕಾಣುತ್ತದೆ.

ಅಂಕ ಕಡಿಮೆ ಬಂದವರಿಗೆ ಒಂದು ಸಮಾಧಾನದ ಸಂಗತಿ: 2023-24ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡರಲ್ಲೂ ಅದೇ ವರ್ಷ ಮತ್ತೆ ಬರೆದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಫಲಿತಾಂಶಕ್ಕೆ ಮೊದಲೇ ಮನೆಯಲ್ಲಿ ಈ ಮಾತು ಆಡಿಟ್ಟಿರಬೇಕು.

‘ಇದ್ದು ಏನು ಪ್ರಯೋಜನ’ ಅಂದರೆ

‘ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ’, ‘ಸಾಕಾಗೋಯ್ತು’ ಇಂಥ ಮಾತು ಬಂದರೆ, ಇಷ್ಟಪಟ್ಟ ವಸ್ತುಗಳನ್ನು ಹಂಚತೊಡಗಿದರೆ ‘ಬುಡು, ಬೆದರಿಸ್ತಾವ್ಳೆ’ ಎಂದು ತಳ್ಳಿಹಾಕಬಾರದು. ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಎಂದು ನೇರ ಕೇಳಬಹುದು, ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ; ಕೇಳಿದಾಗ ಹೆಚ್ಚಿನವರಿಗೆ ಹೇಳಿಕೊಳ್ಳಲು ಬಾಗಿಲು ತೆರೆದಂತಾಗುತ್ತದೆ.

ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಸಹಾಯ ಕೋರಿ. ಕೃಷಿ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡುವುದು, ಇಲ್ಲವೇ ಮನೆಯಲ್ಲೇ ಇಡದಿರುವುದು ಜೀವ ಉಳಿಸುವ ಕ್ರಮ. ಇಂಥ ಒತ್ತಡ ಎಷ್ಟೋ ಸಲ ಒಂದು ಹೊತ್ತು ಉಕ್ಕಿ ಇಳಿಯುವಂಥದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗಬಾರದು. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ತಡ ಮಾಡುವವರೂ ಇದ್ದಾರೆ. ಹಾಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಯಾರ ಹತ್ತಿರ ಹೋಗುವುದು?

ಮನಸ್ಸಿನ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಊರು ನೆನೆಯುವುದು ಮಾತ್ರ 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಆಕಾಶವಾಣಿಗಾಗಿ.

ಮೂರು ಬಗೆಯ ತಜ್ಞರಿದ್ದಾರೆ. ಆಪ್ತಸಮಾಲೋಚಕರು ಕೇಳಿಸಿಕೊಂಡು ದಾರಿ ಹುಡುಕಲು ನೆರವಾಗುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಮನೋವೈದ್ಯರು ಎಂಬಿಬಿಎಸ್ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರೇ. ಹೋದವರೆಲ್ಲರಿಗೂ ಮಾತ್ರೆ ಬೀಳುವುದಿಲ್ಲ. ಬರೆದುಕೊಟ್ಟರೆ, ಗುಣವಾಯಿತೆಂದು ನಡುವೆ ನಾವೇ ನಿಲ್ಲಿಸಬಾರದು.

ಮೊದಲ ಹೆಜ್ಜೆಗೆ ಮನೆಯಿಂದ ಹೊರಡಲೂ ಬೇಕಿಲ್ಲ. ಮಾನಸಿಕ ಆರೋಗ್ಯಕ್ಕೆಂದೇ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ಮಾಡಬಹುದು, ಹುಡುಗ ಹುಡುಗಿಯರೂ ಮಾಡಬಹುದು. 10ರಿಂದ 19 ವರ್ಷದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ದೊಡ್ಡ ಮಟ್ಟಕ್ಕೆ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ.

‘ಗೊತ್ತಾದರೆ ನಾಳೆ ಮದುವೆಗೆ ತೊಂದರೆ’ ಅನ್ನುವುದು, ವಿಶೇಷವಾಗಿ ಹೆಣ್ಣುಮಕ್ಕಳ ಮನೆಯಲ್ಲಿ, ಕೇಳಿಬರುವ ಮಾತು. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಅದೇ 2017ರ ಕಾಯ್ದೆ ಕೊಟ್ಟ ಹಕ್ಕು.

ಆ ಕೋಣೆಯೊಳಗೆ ಏನು ನಡೆಯುತ್ತದೆ?

ಪಾಂಡವಪುರದ ಹುಡುಗನ ಕಡೆಗೆ ಮರಳೋಣ. ಸಮಾಲೋಚಕಿ ಮೊದಲ ದಿನ ಕೇಳುವುದು ‘ಯಾಕೆ ಹೋಗಲ್ಲ’ ಎಂದಲ್ಲ, ‘ಯಾವ ದಿನ ನೋವು ಜಾಸ್ತಿ?’ ಎಂದು. ಸೋಮವಾರ, ಗುರುವಾರ. ಆ ಎರಡು ದಿನ ಏನಿದೆ? ಎರಡನೇ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿಸುತ್ತಾರೆ. ಏಳರವರೆಗೆ ಊರಿನ ಕನ್ನಡ ಶಾಲೆ, ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮೀಡಿಯಂ. ಜೂನ್‌ನಲ್ಲಿ ಒಂದು ಪದ ತಪ್ಪು ಓದಿದ, ಇಡೀ ಕ್ಲಾಸು ನಕ್ಕಿತು. ಆ ಪದವೇ ಅವನಿಗೆ ಅಡ್ಡಹೆಸರಾಯಿತು. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ‘ಬೇಜಾರು’ ಎಂದು ಎರಡು ಸಲ ಹೇಳಿದ್ದನಂತೆ.

ಮುಂದೆ ಮಾಡುವುದು ಏಣಿಯ ಕೆಲಸ. ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ. ಮೊದಲು ಬರೀ ಬಸ್‌ಸ್ಟಾಪಿನವರೆಗೆ. ಆಮೇಲೆ ಶಾಲೆಯ ಗೇಟು. ಆಮೇಲೆ ಮೊದಲ ಪೀರಿಯಡ್ಡು, ಮಧ್ಯಾಹ್ನದವರೆಗೆ, ಕೊನೆಗೆ ಇಡೀ ದಿನ. ಪ್ರತಿ ಮೆಟ್ಟಿಲಲ್ಲೂ ಗಂಟೆ ಬಡಿಯುತ್ತದೆ. ಅಲ್ಲೇ ನಿಂತರೆ ತಾನಾಗಿ ಇಳಿಯುತ್ತದೆ, ಮೆದುಳು ಹಳೆಯ ಪಾಠ ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಜೊತೆಜೊತೆಗೆ ಶಾಲೆಯೂ ಬಾಗಬೇಕು: ಟೀಚರು ಒಂದು ತಿಂಗಳು ಅವನನ್ನು ಒಬ್ಬನೇ ಎಬ್ಬಿಸಿ ಓದಿಸುವುದಿಲ್ಲ, ಓದಬೇಕಾದ ಪ್ಯಾರಾವನ್ನು ಹಿಂದಿನ ದಿನವೇ ತೋರಿಸಿರುತ್ತಾರೆ, ಅಡ್ಡಹೆಸರು ಕೂಗಿದವರನ್ನು ಕೂರಿಸಿ ಮಾತಾಡುತ್ತಾರೆ. ಅಪ್ಪನ ಪಾಲಿಗೆ ಬಂದ ಕೆಲಸ ಬೆಳಿಗ್ಗೆ ಬಸ್‌ಸ್ಟಾಪಿನವರೆಗೆ ಸುಮ್ಮನೆ ಜೊತೆ ನಡೆಯುವುದು. ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಆ ‘ಸುಮ್ಮನೆ’.

ಇಂಥ ಲೆಕ್ಕ ಸಾಮಾನ್ಯವಾಗಿ ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ. ಎರಡು ಮೆಟ್ಟಿಲು ಹತ್ತಿ ಒಂದು ಇಳಿಯುವುದಿದೆ, ಹಬ್ಬದ ರಜೆ ಮುಗಿದ ಮರುದಿನ ಮತ್ತೆ ಮೊದಲಿನಿಂದ ಶುರು ಮಾಡುವುದಿದೆ. ಎರಡು ತಿಂಗಳಾದ ಮೇಲೂ ಸೋಮವಾರ ಬೆಳಿಗ್ಗೆ ಅವನ ಹೊಟ್ಟೆ ಒಂಚೂರು ಹಿಡಿದುಕೊಳ್ಳುತ್ತದೆ. ‘ನೋಯ್ತದೆ ಕಣವ್ವ’ ಅನ್ನುತ್ತಲೇ ಎರಡನೇ ಸಾಕ್ಸ್ ಏರಿಸುತ್ತಾನೆ.